ತಾವಾಗಿಯೇ ಬಿಟ್ಟು ಹೋದವರು

ಹೆಬ್ಬೆಟ್ಟಿನ ಕಾಯ್ದೆ ಬಂದು ಆರು ವರ್ಷವಾಗಿತ್ತು. ಹೊಸ ಔಷಧದ ಪ್ರಯೋಗಕ್ಕೆ ಮೈಯೊಡ್ಡಿದವರೆಲ್ಲ, ಇಲ್ಲವೇ ಅವರ ಮನೆಯವರು, ವರದಿಯನ್ನು ಕಿವಿಯಾರೆ ಕೇಳಿ ಹೆಬ್ಬೆಟ್ಟು ಒತ್ತಿದರಷ್ಟೇ ವೈದ್ಯಕೀಯ ಪತ್ರಿಕೆ ಅದನ್ನು ಅಚ್ಚು ಹಾಕುತ್ತಿತ್ತು. ಹುಬ್ಬಳ್ಳಿಯ ಸಭಾಭವನದಲ್ಲಿ ಗುರುಸಿದ್ದವ್ವ ಟೋಕನ್ ಹಿಡಿದು ಕುಳಿತಿದ್ದಳು. ಪ್ರಯೋಗದ ಪಟ್ಟಿಯಲ್ಲಿ ಅವಳ ಗಂಡ ನಲವತ್ತೆರಡನೇ ನಂಬರಿನವನು.

ಅವಳ ಸರದಿ ಬಂದಾಗ ಪ್ರಯೋಗ ನಡೆಸಿದ ಡಾಕ್ಟರು ಸರ್ಕಾರಿ ನಮೂನೆಯಲ್ಲಿದ್ದ ವರದಿಯನ್ನು ಗಡಿಬಿಡಿಯಲ್ಲಿ ಓದಿದರು. "ಸತ್ತವರು, ಯಾರೂ ಇಲ್ಲ. ತಾವಾಗಿಯೇ ಬಿಟ್ಟು ಹೋದವರು, ಹನ್ನೆರಡು ಮಂದಿ. ನಿನ್ನ ಗಂಡ ಇದರಲ್ಲಿ ಬರ್ತಾನೆ, ಒತ್ತಮ್ಮ."

ಗುರುಸಿದ್ದವ್ವನಿಗೆ ಮೈಯೆಲ್ಲ ಉರಿದುಹೋಯಿತು. "ನಮ್ಮ ಮನಿಯವರು ತಾವಾಗೇ ಎಲ್ಲಿ ಹ್ವಾದ್ರು? ನೀವು ಮೂರನೇ ಸೂಜಿ ಮಾಡಿದ ಮರುದಿನ ನಾಕು ಮಂದಿ ಹೊತಗೊಂಡು ಹೋಗ್ಯಾರ."

"ಅದು ನಮೂನೆಯ ಮಾತಮ್ಮ, ಎಲ್ಲರಿಗೂ ಒಂದೇ. ಉಳಿದ ಹನ್ನೊಂದು ಮನೆಯವರೂ ಒತ್ತಿದ್ದಾರೆ, ನೀನೂ ಸುಮ್ನೆ ಒತ್ತಿಬಿಡು."

ಅವಳು ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡು ಹಿಂದೆ ತಿರುಗಿದಳು. ಆ ಹನ್ನೊಂದು ಮನೆಯವರು ಬೆರಳಿನ ಮಸಿ ಒರೆಸಿಕೊಳ್ಳುತ್ತ ಇನ್ನೂ ಬಾಗಿಲಲ್ಲೇ ಇದ್ದರು.

"ನಿಮ್ಮ ಮನಿಯವರು ನಡಕೋತ ಹ್ವಾದ್ರೇನ್ರೀ?" ಎಂದು ಕೇಳಿದಳು.

ಮಸಿ ಒರೆಸುತ್ತಿದ್ದ ಕೈಗಳೆಲ್ಲ ನಿಂತವು.