ಹದಿನಾರು ಬ್ಯಾಟರಿ

"ರಾತ್ರಿಯಿಡೀ ತಡೆಯುತ್ತಾ?" ಎಂದು ರೊಸೆಂಡಾ ಕೇಳಿದಾಗ ವರ್ಲಿನ್ ಹಿಂದೆಮುಂದೆ ನೋಡಲಿಲ್ಲ.

"ಧಾರಾಳವಾಗಿ. ಹದಿನಾರು ಬ್ಯಾಟರಿ ಇದೆ. ಎಲ್ಲ ಸೋಲಾರ್. ಹದಿನೆಂಟು ವರ್ಷದಿಂದ ಈ ಮನೆಗೆ ಕರೆಂಟ್ ಬಿಲ್ ಅನ್ನೋದೇ ಬಂದಿಲ್ಲ."

ಮನೆ ಕೊಳ್ಳಲು ಬಂದಿದ್ದ ರೊಸೆಂಡಾ ಅಲಮೋಸದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಅವಳ ತಾಯಿಗೆ ಶ್ವಾಸಕೋಶದ ಕಾಯಿಲೆ. ಕೂತರೂ ಮಲಗಿದರೂ ಪಕ್ಕದಲ್ಲಿ ಆಮ್ಲಜನಕದ ಯಂತ್ರ ಓಡುತ್ತಲೇ ಇರಬೇಕು. ಅವಳು ಕೇಳಿದ್ದು ಅದರ ವಿಷಯ.

ಬ್ಯಾಟರಿಗಳ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಮಾರ್ಲಿಸ್ ತನ್ನ ಗಂಡ ವರ್ಲಿನ್‌ನ ಮುಖ ನೋಡಿದಳು. ನವೆಂಬರಿನಲ್ಲಿ ಸೋಲಾರ್ ಹಲಗೆಗಳ ಮೇಲಿನ ಹಿಮ ಬಾಚಲು ಹೋಗಿ ಏಣಿಯಿಂದ ಬಿದ್ದು ಅವನು ಭುಜ ಮುರಿದುಕೊಂಡಿದ್ದ. ಅಂದಿನಿಂದ ಏಣಿ ಹತ್ತುವುದು, ಬ್ಯಾಟರಿಗಳ ನಲವತ್ತೆಂಟು ಮುಚ್ಚಳ ಬಿಚ್ಚಿ ಡಿಸ್ಟಿಲ್ಡ್ ವಾಟರ್ ತುಂಬುವುದು ಎಲ್ಲ ಅವಳ ಪಾಲಿಗೇ ಬಂದಿತ್ತು. ಅವಳಿಗೂ ಅರವತ್ತೇಳು. ಪೇಟೆಯಲ್ಲೊಂದು ಪುಟ್ಟ ಮನೆ ನೋಡಿಟ್ಟಿದ್ದರು. ಇದು ಮಾರಿದರೆ ಅದು. ಮಾರಲಿಟ್ಟ ಮೇಲೆ ಒಳಗೆ ಕಾಲಿಟ್ಟ ಮೊದಲ ಗಿರಾಕಿ ಇವಳೇ. "ನೀನು ಬಾಯಿ ಬಿಡಬೇಡ" ಎಂದು ವರ್ಲಿನ್ ಬೆಳಿಗ್ಗೆಯೇ ಹೇಳಿಟ್ಟಿದ್ದ.

"ತಡೆಯೋಲ್ಲಮ್ಮ," ಎಂದಳು ಮಾರ್ಲಿಸ್.

"ಮಾರ್ಲಿಸ್!"

"ಬ್ಯಾಟರಿಗೆ ಒಂಬತ್ತು ವರ್ಷ ಆಯ್ತು. ಎರಡು ದಿನ ಮೋಡ ಮುಚ್ಚಿತು ಅಂದ್ರೆ ಬೆಳಗಿನ ಜಾವ ಕೈಕೊಡುತ್ತೆ. ನಮಗೇನು, ಒಂದು ದೀಪ, ಒಂದು ಫ್ರಿಜ್ಜು. ಆರಿದ್ರೆ ಆರಲಿ ಅಂತ ಹೊದ್ದು ಮಲಗ್ತೀವಿ."

"ಜನರೇಟರ್ ಇದೆಯಲ್ಲ!" ವರ್ಲಿನ್ ದನಿ ಏರಿತು.

"ಇದೆ. ಇಲ್ಲಿಗೆ ಬಂದು ಹಗ್ಗ ಎಳೆದು ಚಾಲೂ ಮಾಡಬೇಕು. ಇವಳು ಆಸ್ಪತ್ರೇಲಿರ್ತಾಳೆ. ಮೊಣಕಾಲುದ್ದ ಹಿಮದಲ್ಲಿ ಇವಳಮ್ಮ ಬರ್ತಾರಾ ಹಗ್ಗ ಎಳೆಯೋಕೆ?"

ರೊಸೆಂಡಾ ಬಗ್ಗಿ ಬ್ಯಾಟರಿಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ರೋಗಿಯನ್ನು ವಿಚಾರಿಸುವ ದನಿಯಲ್ಲೇ ಕೇಳಿದಳು:

"ಹೊಸದು ಹಾಕಿಸಿದ್ರೆ?"

"ತಡೆಯುತ್ತೆ. ಹನ್ನೆರಡು ಸಾವಿರ ಡಾಲರ್ ಬೇಕು. ಜನರೇಟರ್ ತಾನಾಗೇ ಶುರುವಾಗೋ ಹಾಗೆ ಮಾಡಿಸೋಕೆ ಇನ್ನೊಂದು ಮೂರು. ಅವೂ ಹಳೇದಾಗ್ತವೆ, ಆಗ ಮತ್ತೆ ಇದೇ ಕಥೆ."

"ಹಾಗಾದ್ರೆ ಬೆಲೇಲಿ ಹದಿನೈದು ಇಳಿಸಿ. ತಗೋತೀನಿ."

ವರ್ಲಿನ್ ಬಾಯಿ ತೆರೆಯುವ ಮೊದಲೇ ಮಾರ್ಲಿಸ್ "ಆಗಲಿ" ಎಂದುಬಿಟ್ಟಳು.

ರೊಸೆಂಡಾಳ ಗಾಡಿ ಹೋದ ಮೇಲೆ ಅಡುಗೆಮನೆಯಲ್ಲಿ ಅವನ ಮುಂದಿದ್ದ ಕಾಫಿ ಆರಿ ತಣ್ಣಗಾಯಿತು.

"ಪೇಟೆ ಮನೆ ಕೈತಪ್ಪಿದ ಹಾಗೇ," ಎಂದ.

"ಬಾಡಿಗೆಗೆ ಹಿಡಿಯೋಣ."

"ನಾನೇ ಕಟ್ಟಿದ ಮನೇಲಿ ಇದ್ದೋನು ಈ ವಯಸ್ಸಲ್ಲಿ ಬಾಡಿಗೆಗೆ!"

ಮಾರ್ಲಿಸ್ ಬಟ್ಟಲು ತೊಳೆಯುತ್ತಿದ್ದಳು. ತಿರುಗಲಿಲ್ಲ.

"ನಾನೇನೂ ಸುಳ್ಳು ಹೇಳಲಿಲ್ಲ," ಎಂದ ವರ್ಲಿನ್. " ಒಳ್ಳೆ ಬಿಸಿಲಿದ್ರೆ ತಡೆದೇ ತಡೆಯುತ್ತೆ."

"ಹೌದು. ಬಿಸಿಲಿದ್ರೆ."

ಅವನು ಆರಿದ ಕಾಫಿಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಕೇಳಿದ, "ಅವಳಮ್ಮನ ಹೆಸರೇನಂತೆ?"

"ಬೆನಿಗ್ನಾ."

ಅವನು ಆ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿಕೊಂಡ. ಎದ್ದು, ಕಟ್ಟು ಹಾಕಿದ ತೋಳಿನ ಮೇಲೆ ಕೋಟು ಎಳೆದುಕೊಂಡು, ಇನ್ನೊಂದು ಕೈಯಲ್ಲಿ ಡಿಸ್ಟಿಲ್ಡ್ ವಾಟರ್ ಕ್ಯಾನು ಹಿಡಿದು ಶೆಡ್ಡಿನ ಕಡೆ ಹೊರಟ.

"ಅವನ್ನ ಹೇಗಿದ್ರೂ ಕಿತ್ತು ಹಾಕ್ತಾಳಲ್ಲ, ಈಗ್ಯಾಕೆ?" ಮಾರ್ಲಿಸ್ ಕೂಗಿದಳು.

ಅವನು ಹಿಮದಲ್ಲಿ ಕಾಲಿಡುತ್ತಲೇ ಹೇಳಿದ:

"ಹೊಸದು ಹಾಕಿಸೋಕೆ ಮೊದಲೇ ಬೆನಿಗ್ನಾ ಬಂದುಬಿಟ್ರೆ?"