ಕುಕ್ಕರಿನ ಮುಚ್ಚಳ

"ಇವಳೇ ನನ್ನ ಕಣ್ಣು ತೆಗೆದವಳು, ಡಾಕ್ಟ್ರೇ. ಕುಕ್ಕರಿನ ಮುಚ್ಚಳದಲ್ಲಿ ಹಣೆಗೆ ಬಾರಿಸಿದಳು. ವಾರದೊಳಗೆ ಎಡಗಣ್ಣು ಕಾಣದ ಹಾಗಾಯ್ತು."

ಗಂಡ ಹಾಗೆಂದಾಗ ಹೆಂಡತಿ ತಲೆ ತಗ್ಗಿಸಲಿಲ್ಲ. ವೈದ್ಯೆ ಅವನ ಕೂದಲು ಸರಿಸಿ ನೋಡಿದರು. ಏಟಿನ ಬಾವು ಇಳಿದಿತ್ತು. ಅದರ ಪಕ್ಕದಲ್ಲೇ ಸಣ್ಣ ಗುಳ್ಳೆಗಳು ಸಾಲಾಗಿ ಒಣಗಿದ್ದವು.

ಪರೀಕ್ಷೆಯ ವರದಿ ಬಂದ ಮೇಲೆ ವೈದ್ಯೆ ಹೆಂಡತಿಯೊಬ್ಬಳನ್ನೇ ಒಳಗೆ ಕರೆದರು.

"ನಿಮ್ಮ ತಪ್ಪೇನಿಲ್ಲಮ್ಮ. ಇದು ಸರ್ಪಸುತ್ತು. ಅದರ ವೈರಸ್ಸು ಕಣ್ಣಿನ ನರಕ್ಕೇ ಹತ್ತಿದೆ. ಅದನ್ನ ಅಡಗಿಸೋ ಔಷಧಿ ಡ್ರಿಪ್ಪಲ್ಲಿ ಶುರು ಮಾಡಿದೀವಿ. ಕಣ್ಣು ವಾಪಸ್ ಬರೋ ಹಾಗಿದೆ."

ಹೆಂಡತಿಯ ಮುಖ ಬಿಳಿಚಿಕೊಂಡಿತು.

"ಅವರಿಗೆ ಹೇಳಿಬಿಟ್ರಾ?"

"ಇನ್ನೂ ಇಲ್ಲ. ಯಾಕೆ?"

ಅವಳು ಸೆರಗಿನೊಳಗಿಂದ ಬಲಗೈ ಹೊರಗೆ ತೆಗೆದಳು. ಬಾಗಿಲ ಸಂದಿಗೆ ಸಿಕ್ಕಿಸಿ ಮುರಿದಿದ್ದ ಬೆರಳುಗಳು ಸೊಟ್ಟಗೆ ಕೂಡಿಕೊಂಡಿದ್ದವು. ಇಸ್ತ್ರಿ ಪೆಟ್ಟಿಗೆಯಿಂದ ಸುಟ್ಟ ಕಲೆ ಮೊಣಕೈವರೆಗೂ ಹಬ್ಬಿತ್ತು.

"ಒಂದೇ ಒಂದು ಸಲ ತಿರುಗಿ ಹೊಡೆದೆ, ಡಾಕ್ಟ್ರೇ. ಕಣ್ಣು ಹೋದಾಗಿಂದ ಅವರು ನನ್ನ ಮೇಲೆ ಕೈ ಎತ್ತಿಲ್ಲ. ನಾನು ಪಾತ್ರೆ ಎತ್ತಿದ್ರೂ ಹಿಂದೆ ಸರೀತಾರೆ."

ವೈದ್ಯೆ ವಾರ್ಡಿಗೆ ನಡೆದರು. ಹೆಂಡತಿ ಹಿಂದೆಯೇ ಬಂದಳು. ಗಂಡ ಹಾಸಿಗೆಯಿಂದ ಅರ್ಧ ಎದ್ದು ಹಲ್ಲು ಕಡಿದ.

"ಇವಳ ಏಟಿಂದಲೇ ತಾನೇ? ಅಲ್ಲ ಅಂದ್ರೆ ಹೇಳಿ, ಆಮೇಲೆ ಇವಳಿಗೆ ಯಾಕೆ ಹೆದರಬೇಕು? ನನ್ನ ಮೇಲೆ ಕೈ ಮಾಡಿದ್ದಕ್ಕೆ ಇವಳನ್ನ ಇಲ್ಲೇ ತುಳಿದು ಹಾಕ್ತೀನಿ."

ವೈದ್ಯೆ ಡ್ರಿಪ್ಪಿನ ವೇಗ ಸರಿಮಾಡಿದರು.

"ಏಟಿಂದಲೇ. ಈ ಕಣ್ಣು ಹೇಗೋ ಉಳಿಸ್ತೀನಿ. ಇನ್ನೊಂದು ಏಟು ಬಿದ್ರೆ ನನ್ನ ಕೈಲೂ ಆಗಲ್ಲ."