ಕೆಂಪು ಕಾರಿನ ಹೇಳಿಕೆ

ಹಳೇ ಕಾರಿಗೆ ಬೆಲೆ ಕಟ್ಟುವ ಮುನ್ನ ಕಾರನ್ನೇ ಒಂದು ಮಾತು ಕೇಳಬೇಕು. ಕಾರುಗಳಿಗೆ ಮಾತು ಬರುತ್ತದೆ, ಸುಳ್ಳು ಬರುವುದಿಲ್ಲ. ಆ ಕೆಲಸದಲ್ಲಿ ಪಳಗಿದ ಸುಲೋಚನಾ ಕೆಂಪು ಸ್ಪೋರ್ಟ್ಸ್ ಕಾರಿನ ಬಾನೆಟ್ ತಟ್ಟಿ, “ಇದುವರೆಗೆ ಎಷ್ಟು ಸ್ಪೀಡ್ ಹೋಗಿದ್ದೀಯಪ್ಪ?” ಎಂದಳು.

“ಇನ್ನೂರು!” ಎಂದು ಮಾಲೀಕ ಉಮಾಪತಿ ಜೊತೆಗೆ ಬಂದಿದ್ದ ಭಾಮೈದನತ್ತ ನೋಡಿ ಮೀಸೆ ತಿರುವಿದ. ಇಂಥ ಮೀಸೆಗಳು ಅವಳಿಗೆ ಹೊಸವಲ್ಲ.

“ನಲವತ್ತು,” ಕಾರು ನಿಟ್ಟುಸಿರಿಟ್ಟಿತು. “ಹಾಲಿನವರ ಮೊಪೆಡ್ಡೂ ನಮ್ಮನ್ನ ಓವರ್‌ಟೇಕ್ ಮಾಡುತ್ತೆ.”

ಭಾಮೈದ ಕಿಸಕ್ಕನೆ ನಕ್ಕ.

“ಹಾಗಾದ್ರೆ ಎಂಜಿನ್ ಹೊಸದರ ಹಾಗೇ ಇದೆ. ಎರಡು ಲಕ್ಷ ಜಾಸ್ತಿ ಬರೀತೀನಿ,” ಎಂದಳು ಸುಲೋಚನಾ.

“ಎರಡು ಲಕ್ಷ ಹೋದ್ರೆ ಹೋಗ್ಲಿ ಮೇಡಂ, ಇನ್ನೂರು ಅಂತಲೇ ಬರೀರಿ!”

“ಈಗ್ಲೇ ಒಂದ್ಸಲ ಇನ್ನೂರಕ್ಕೆ ಓಡಿಸಿ ಸಾರ್, ನಾನೂ ಹಾಗೇ ಹೇಳ್ತೀನಿ,” ಎಂದು ಕಾರು ಆಸೆಯಿಂದ ಬಾಗಿಲು ತೆರೆಯಿತು.

ಉಮಾಪತಿ ಎರಡು ಹೆಜ್ಜೆ ಹಿಂದೆ ಸರಿದ. “ನಲವತ್ತೇ ಬರ್ಕೊಳ್ಳಿ ಮೇಡಂ.”